ಎಷ್ಟು ಬಂತು ಪುಟ್ಟಿ?

ಡಿಸೆಂಬರಿನ ಒಂದು ಶನಿವಾರ ಅರಸೀಕೆರೆಯಿಂದ ಅಣ್ಣನ ಫೋನು ಬಂತು. ನನ್ನ ಮಗಳ ಕಾಲೇಜಿನ ಮೊದಲ ಕ್ವಾರ್ಟರ್, ಅಂದರೆ ಮೂರು ತಿಂಗಳಷ್ಟರ ಓದಿನ ಅವಧಿ, ಮುಗಿದಿರುವುದು ಅವನಿಗೆ ಗೊತ್ತಿತ್ತು. ಕುಶಲ ಸಮಾಚಾರ ಮುಗಿಯುವ ಮೊದಲೇ ಕೇಳಿದ: “ಎಷ್ಟು ಬಂತು ಪುಟ್ಟಿ?”

“ನಮ್ಮಲ್ಲಿ ಅಂಕ ಇಲ್ಲ ದೊಡ್ಡಪ್ಪ, ಬರೆದು ಕೊಡುತ್ತಾರೆ” ಎಂದಳು.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಫೋನು ನನ್ನ ಕೈಗೆ ಬಂದಾಗ ದನಿ ತಗ್ಗಿಸಿ, “ಅದು ಸರಿಯಾದ ಕಾಲೇಜು ತಾನೇ?” ಎಂದ. ನನಗೆ ಚುರುಕ್ಕೆಂದಿತು. ಅವಳು ಅಲ್ಲಿ ಸೇರುತ್ತೇನೆಂದ ದಿನ ನಾನು ಕೇಳಿದ್ದೂ ಅದನ್ನೇ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿರುವ ಎವರ್‌ಗ್ರೀನ್ ಸ್ಟೇಟ್ ಕಾಲೇಜು ಸರ್ಕಾರಿ ಕಾಲೇಜು. 1971ರಲ್ಲಿ ತೆರೆದ ದಿನದಿಂದಲೂ ಅಲ್ಲಿ ಅಂಕವಿಲ್ಲ, ಎ ಬಿ ಸಿ ಶ್ರೇಣಿಯೂ ಇಲ್ಲ. ಪೂರ್ಣಾವಧಿಯ ವಿದ್ಯಾರ್ಥಿ ಒಂದು ಕ್ವಾರ್ಟರಿಗೆ 16 ಕ್ರೆಡಿಟ್ ಓದುತ್ತಾನೆ. ಓದಿದರೆ ಕ್ರೆಡಿಟ್ ಬರುತ್ತದೆ, ಇಲ್ಲದಿದ್ದರೆ ಬರುವುದಿಲ್ಲ. ಅಧ್ಯಾಪಕರು ಪ್ರತಿಯೊಬ್ಬ ವಿದ್ಯಾರ್ಥಿಯ ಬಗ್ಗೆ ಬರೆಯುತ್ತಾರೆ, ವಿದ್ಯಾರ್ಥಿ ತನ್ನ ಬಗ್ಗೆ ತಾನೇ ಬರೆದುಕೊಳ್ಳಬೇಕು, ಮೇಷ್ಟ್ರ ಪಾಠದ ಬಗ್ಗೆಯೂ ಬರೆಯಬೇಕು. ಆಮೇಲೆ ಇಬ್ಬರೂ ಎದುರುಬದುರು ಕುಳಿತು ಮಾತನಾಡುತ್ತಾರೆ. ಮೇಷ್ಟ್ರನ್ನು ಹೆಸರು ಹಿಡಿದು ಕರೆಯುತ್ತಾರೆ. ಅದೊಂದು ನನ್ನ ಕಿವಿಗೆ ಇನ್ನೂ ಒಗ್ಗಿಲ್ಲ.

ಮಗಳು ಆ ಸ್ವಂತ ಮೌಲ್ಯಮಾಪನ ಬರೆಯಲು ಮೂರು ರಾತ್ರಿ ತೆಗೆದುಕೊಂಡಳು. ಎರಡನೆಯ ರಾತ್ರಿ ಅತ್ತಳು ಕೂಡ. ಪರೀಕ್ಷೆಗೆ ಹೆದರಿ ಅಳುವ ಮಕ್ಕಳನ್ನು ನಾನು ಬಹಳ ಕಂಡಿದ್ದೇನೆ, ನಾನೂ ಅತ್ತವನೇ. ತಾನು ಎಲ್ಲಿ ಅವಸರಪಟ್ಟೆ ಎಂದು ತನ್ನ ಕೈಯಾರೆ ಬರೆಯಲು ಕಷ್ಟವಾಗಿ ಅತ್ತವರನ್ನು ಮಾತ್ರ ಇದೇ ಮೊದಲು ಕಂಡದ್ದು.

ಅಧ್ಯಾಪಕರು ಬರೆದ ಪುಟವನ್ನು ಅವಳು ನನಗೆ ತೋರಿಸಿದಳು. ಕಾಡಿನೊಳಗಿನ ಒಂದು ಹಳ್ಳದ ನೀರಿನ ಹರಿವನ್ನು ಅವಳು ವಾರವಾರವೂ ಅಳೆದಿದ್ದಳು. ಟಿಪ್ಪಣಿ ಪುಸ್ತಕ ಅಚ್ಚುಕಟ್ಟಾಗಿದೆ, ಆದರೆ ನಾಲ್ಕು ವಾರದ ಅಳತೆಯಿಂದ ಇಡೀ ಮಳೆಗಾಲದ ಬಗ್ಗೆ ತೀರ್ಮಾನ ಹೇಳಿದ್ದು ತಪ್ಪು ಎಂದು ಬರೆದಿದ್ದರು. ತಪ್ಪು ತೋರಿಸಿದ ಮೇಲೆ ಮಳೆಯಲ್ಲಿ ನೆನೆಯುತ್ತಾ ಹೋಗಿ ಮತ್ತೆ ಅಳೆದಳು ಎಂಬುದನ್ನೂ, ಸಂಖ್ಯಾಶಾಸ್ತ್ರ ಇನ್ನೂ ಸಾಲದು, ಮುಂದೆ ಅದನ್ನೇ ಹಿಡಿದು ಓದಬೇಕು ಎಂಬುದನ್ನೂ ಬರೆದಿದ್ದರು. ಓದುತ್ತಾ ನನಗೆ ಗಂಟಲು ಕಟ್ಟಿತು. ಹದಿನಾರು ವರ್ಷ ಶಾಲೆ ಕಾಲೇಜುಗಳಲ್ಲಿ ಓದಿದ ನನ್ನ ಬಗ್ಗೆ ಯಾರೂ ಇಂಥ ಒಂದು ಸಾಲು ಬರೆದಿರಲಿಲ್ಲ.

ನನ್ನ ಬಗ್ಗೆ ಬರೆದದ್ದು ಎರಡು ಪದ. ಎಂಜಿನಿಯರಿಂಗ್ ಮೂರನೆಯ ಸೆಮಿಸ್ಟರಿನ ಗಣಿತದಲ್ಲಿ ನನಗೆ 31 ಬಂತು, ನಪಾಸಾದೆ. ಚೆನ್ನಾಗಿ ಬರೆದಿದ್ದೆ ಎಂಬ ನಂಬಿಕೆಯಿಂದ ಅಪ್ಪನ ಹತ್ತಿರ ದುಡ್ಡು ಕೇಳಿ ಮರು ಎಣಿಕೆಗೆ ಅರ್ಜಿ ಹಾಕಿದೆ. ಎರಡು ತಿಂಗಳ ಮೇಲೆ ಉತ್ತರ ಬಂತು: “ಬದಲಾವಣೆ ಇಲ್ಲ.” ಎಲ್ಲಿ ತಪ್ಪಿದೆ, ಯಾವ ಮೆಟ್ಟಿಲಿನಲ್ಲಿ ಎಡವಿದೆ, ಒಂದೂ ತಿಳಿಯಲಿಲ್ಲ. ಮುಂದಿನ ಸಲ ಹಳೆಯ ಪ್ರಶ್ನೆಪತ್ರಿಕೆಗಳನ್ನು ಉರು ಹೊಡೆದು 58 ತೆಗೆದೆ. ಮನೆಯಲ್ಲಿ ಪಾಯಸ ಮಾಡಿದರು. ಫೋರಿಯರ್ ಸರಣಿ ಎಂದರೇನು ಎಂಬುದು ಮಾತ್ರ ನನಗೆ ಇಂದಿಗೂ ಗೊತ್ತಿಲ್ಲ.

ನಮ್ಮಲ್ಲಿ ಇದು ಬದಲಾಗಬೇಕೆಂದು ಯಾರಿಗೂ ಅನಿಸುತ್ತಿಲ್ಲವೇ ಎಂದು ನನಗೆ ಸಿಟ್ಟು ಬರುತ್ತದೆ. ಫಲಿತಾಂಶದ ಮರುದಿನ ಪತ್ರಿಕೆಯಲ್ಲಿ 625ಕ್ಕೆ 625 ತೆಗೆದ ಮಕ್ಕಳ ಫೋಟೊ, ಬಾಯಿಗೆ ಸಿಹಿ ತಿನ್ನಿಸುವ ಅಪ್ಪ ಅಮ್ಮ. ಅದೇ ದಿನ ಮೂಲೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡ ಮಗುವಿನ ಸುದ್ದಿ ಒಳಪುಟದಲ್ಲಿ. ಉತ್ತರಪತ್ರಿಕೆಯ ನಕಲು ಈಗ ದುಡ್ಡು ಕಟ್ಟಿದರೆ ಸಿಗುತ್ತದೆ, ನಿಜ. ಅದನ್ನು ತರಿಸಿಕೊಳ್ಳುವುದು ತಪ್ಪು ತಿಳಿದುಕೊಳ್ಳುವುದಕ್ಕಲ್ಲ, ಬಿಟ್ಟುಹೋದ ಎರಡು ಅಂಕ ಹುಡುಕುವುದಕ್ಕೆ. ವಿಶ್ವವಿದ್ಯಾಲಯಗಳು ಗ್ರೇಡ್ ಪಾಯಿಂಟ್ ತಂದವು. ಅದನ್ನು ಮತ್ತೆ ಶೇಕಡಾವಾರಿಗೆ ಇಳಿಸುವ ಸೂತ್ರವನ್ನೂ ಜೊತೆಗೇ ತಂದವು.

ಇದನ್ನೆಲ್ಲ ಅಣ್ಣನಿಗೆ ಅಂದೇ ಹೇಳಿದೆ, ಸ್ವಲ್ಪ ಜೋರಾಗಿಯೇ. ಅವನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು, ಎಷ್ಟೋ ವರ್ಷ ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋದವನು. ಕೇಳಿಸಿಕೊಂಡು ನಿಧಾನವಾಗಿ ಹೇಳಿದ: “ನಾನು ತಿದ್ದುವ ಪತ್ರಿಕೆಯ ಮೇಲೆ ಹೆಸರು ಇರುತ್ತಿರಲಿಲ್ಲ ಕಣೋ. ಯಾರ ಮಗ, ಯಾವ ಕೇರಿ, ಯಾವ ಜಾತಿ, ನನಗೆ ಗೊತ್ತಾಗುತ್ತಿರಲಿಲ್ಲ. ನಿನ್ನ ಕಾಲೇಜಿನಲ್ಲಿ ಇಂಟರ್ನಲ್ಸ್ ಅಂಕ ಯಾರ ಕೈಯಲ್ಲಿತ್ತು, ಅದು ಯಾರಿಗೆ ತುಂಬಾ ಬರುತ್ತಿತ್ತು, ಮರೆತೆಯಾ?”

ಮರೆತಿರಲಿಲ್ಲ. ಮುಖ ನೋಡಿ ಇಂಟರ್ನಲ್ಸ್ ಹಾಕುತ್ತಿದ್ದವರು ನಮ್ಮಲ್ಲೂ ಇದ್ದರು. ನಮ್ಮ ತೋಟದಲ್ಲಿ ಕೂಲಿ ಮಾಡುತ್ತಿದ್ದವರ ಮಗ ಸಿಇಟಿ ರ‍್ಯಾಂಕಿನ ಬಲದಿಂದ ಸರ್ಕಾರಿ ಸೀಟು ಹಿಡಿದ. ಅವನ ಬಗ್ಗೆ ನಮ್ಮೂರಿನಲ್ಲಿ ಯಾರಾದರೂ ಒಂದು ಪುಟ ಬರೆಯಬೇಕಾಗಿದ್ದರೆ ಏನು ಬರೆಯುತ್ತಿದ್ದರು ಎಂದು ಯೋಚಿಸಲೂ ಭಯವಾಗುತ್ತದೆ. ಮುಖ ನೋಡದ ಆ ಅಂಕಿ ಅವನನ್ನು ಕಾಪಾಡಿತು. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟವಿಲ್ಲ, ಆದರೂ ಒಪ್ಪಲೇಬೇಕು.

ಮಕ್ಕಳ ಸಂಖ್ಯೆಯ ಮಾತೂ ಇದೆ. ವರ್ಷಕ್ಕೆ ಎಂಟು ಲಕ್ಷದಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ಬರೆಯುವ ನಾಡಿನಲ್ಲಿ ಒಬ್ಬೊಬ್ಬರ ಬಗ್ಗೆ ಪುಟ ಬರೆಯುವವರು ಯಾರು? ಇಲ್ಲಿ ಅಮೆರಿಕದಲ್ಲಿಯೇ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ವಿಶ್ವವಿದ್ಯಾಲಯ 1965ರಿಂದ ಹೀಗೆ ಬರೆದು ಕೊಡುತ್ತಿತ್ತು. ಅದು ದೊಡ್ಡದಾಗುತ್ತಾ ಹೋಯಿತು, 2000ದಲ್ಲಿ ಅಲ್ಲಿನ ಅಧ್ಯಾಪಕರೇ ಮತ ಹಾಕಿ ಶ್ರೇಣಿಗಳನ್ನು ಕಡ್ಡಾಯ ಮಾಡಿದರು.

ಆದರೆ ಎಂಟು ಲಕ್ಷ ಬೇಡ, ಅರವತ್ತು ಮಕ್ಕಳ ಒಂದು ಡಿಗ್ರಿ ತರಗತಿಯಲ್ಲಿ, ಅಂಕದ ಜೊತೆಗೆ ನಾಲ್ಕು ಸಾಲು ಬರೆಯಲಾಗದೇ? ನನ್ನ ಆ 31ರ ಪಕ್ಕದಲ್ಲಿ “ಮೂರನೆಯ ಲೆಕ್ಕದ ಎರಡನೆಯ ಮೆಟ್ಟಿಲು ನೋಡು” ಎಂದು ಯಾರಾದರೂ ಬರೆದಿದ್ದರೆ ಸಾಕಿತ್ತು. ಅಣ್ಣನಿಗೆ ಇದನ್ನೂ ಹೇಳಿದೆ. ಅವನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಆ ಪುಟವನ್ನು ಕನ್ನಡದಲ್ಲಿ ಓದಿ ಹೇಳು ಎಂದ. ತಡವರಿಸುತ್ತಾ ಸಾಲು ಸಾಲಾಗಿ ಹೇಳಿದೆ. ಪೂರ್ತಿ ಕೇಳಿ, ಫೋನು ಪುಟ್ಟಿಗೆ ಕೊಡು ಎಂದ.

“ಮಳೆಯಲ್ಲಿ ಹೋಗಿ ಮತ್ತೆ ಅಳೆದೆಯಂತಲ್ಲ,” ಎಂದು ಕೇಳುತ್ತಿದ್ದ, “ಆಗ ನೀರು ಎಷ್ಟು ಏರಿತ್ತು?”