ಒಂದು ವಾಷರ್ ಮಿಕ್ಕಿದೆ

ಕೆಟ್ಟ ಸೈಕಲ್ಲನ್ನು ರಿಪೇರಿ ಮಾಡುವುದು ದೊಡ್ಡ ವಿಷಯವಲ್ಲ. ಚೆನ್ನಾಗಿ ಓಡುತ್ತಿರುವ ಸೈಕಲ್ಲನ್ನು ರಿಪೇರಿ ಮಾಡಲು ಹೊರಡುವವರ ಎದೆಗಾರಿಕೆಯೇ ಬೇರೆ. ರಜೆಯ ದಿನ, ಕೈಯಲ್ಲಿ ಸ್ಪ್ಯಾನರ್, ಎದುರಿಗೆ ಸ್ಟ್ಯಾಂಡ್ ಹಾಕಿ ತನ್ನ ಪಾಡಿಗೆ ನಿಂತ ಸೈಕಲ್ಲು. ಪೆಡಲಿನ ಕಡೆಯಿಂದ ಎಂದೋ ಒಮ್ಮೆ 'ಕಟ್' ಅಂತ ಸದ್ದು ಬಂದ ನೆನಪು. ಇಷ್ಟು ಸಾಕು.

ಪೆಡಲಿಗೆ 15 ಮಿ.ಮೀ. ಸ್ಪ್ಯಾನರ್ ಬೇಕು, ಅದೂ ತೆಳುವಾದದ್ದು. ದಪ್ಪನೆಯದು ಪೆಡಲಿಗೂ ಅದನ್ನು ಹೊತ್ತ ತೋಳಾದ ಕ್ರ್ಯಾಂಕಿಗೂ ನಡುವಿನ ಸಂದಿಗೆ ಇಳಿಯುವುದಿಲ್ಲ. ಬಲ ಪೆಡಲು ಎಲ್ಲ ನಟ್ಟುಗಳ ಹಾಗೆ ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಆ ಧೈರ್ಯದ ಮೇಲೆ ಎಡ ಪೆಡಲನ್ನೂ ಎಡಕ್ಕೇ ತಿರುಗಿಸುತ್ತಾರೆ. ಜಪ್ಪಯ್ಯ ಅನ್ನುವುದಿಲ್ಲ. ತುಕ್ಕು ಹಿಡಿದಿರಬೇಕು ಎಂದು ಎಣ್ಣೆ ಬಿಡುತ್ತಾರೆ. ಸ್ಪ್ಯಾನರ್ ಹಿಡಿಗೆ ಕಬ್ಬಿಣದ ಪೈಪು ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕುತ್ತಾರೆ. ಎಡ ಪೆಡಲಿನದು ಉಲ್ಟಾ ತಿರುಪು. ಅಷ್ಟು ಹೊತ್ತೂ ನಡೆದದ್ದು ಬಿಗಿ ಮಾಡುವ ಕೆಲಸ. ತುಳಿಯುತ್ತಾ ತುಳಿಯುತ್ತಾ ಪೆಡಲು ತಾನಾಗಿ ಕಳಚಿಕೊಳ್ಳಬಾರದು ಎಂದೇ ಹೀಗೆ ಮಾಡಿರುವುದು. ಎಡ-ಬಲದ ಲೆಕ್ಕ ಬಿಟ್ಟುಬಿಡಿ. ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿರಲಿ, ಅದನ್ನು ಹಿಂದಿನ ಚಕ್ರದತ್ತ ಎಳೆಯಿರಿ. ಎರಡೂ ಕಡೆ ಬಿಚ್ಚುತ್ತದೆ. ಗೇರಿನ ಸೈಕಲ್ಲಾದರೆ ಮೊದಲು ಚೈನನ್ನು ಮುಂದಿನ ದೊಡ್ಡ ಹಲ್ಲುಚಕ್ರದ ಮೇಲೆ ಕೂರಿಸಿ, ಏಕೆಂದರೆ ಸ್ಪ್ಯಾನರ್ ಜಾರಿದಾಗ ಬೆರಳಿನ ಗೆಣ್ಣು ಹೋಗಿ ಬಡಿಯುವುದು ಆ ಹಲ್ಲುಗಳಿಗೇ.

ಇದನ್ನು ಕಲಿತ ಹುರುಪಿನಲ್ಲಿ ಬಾಟಮ್ ಬ್ರ್ಯಾಕೆಟ್ಟಿಗೆ, ಅಂದರೆ ಎರಡು ಕ್ರ್ಯಾಂಕುಗಳ ನಡುವೆ ಫ್ರೇಮಿನೊಳಗೆ ಕೂತ ಬೇರಿಂಗಿಗೆ, ಕೈ ಹಾಕಿದರೆ ಅಲ್ಲಿ ಬಲಗಡೆಯ ಬೇರಿಂಗ್ ಬಟ್ಟಲಿನದು ಉಲ್ಟಾ ತಿರುಪು, ಎಡಗಡೆಯದು ನೇರ. ಇಟಾಲಿಯನ್ ಅಳತೆಯ ಫ್ರೇಮಾದರೆ ಎರಡೂ ನೇರ. ಇವನ್ನೆಲ್ಲ ತೀರ್ಮಾನಿಸಿದವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ ಅಂತ ಕಾಣುತ್ತದೆ.

ಬಿಚ್ಚುವ ಚಪಲ ತೀರಿದ ಮೇಲೆ ಬರುವುದು ಸ್ವಂತ ಬಿಡಿಭಾಗ ಮಾಡುವ ಚಪಲ. ಬಾಟಲಿ ಹಿಡಿಕೆಯಿಂದಲೇ ಹೆಚ್ಚಿನವರ ಶ್ರೀಕಾರ. ನೋಡಿದರೆ ಅದರಲ್ಲಿ ಏನಿದೆ, ಬಗ್ಗಿಸಿದ ಒಂದು ಸರಳು! 5 ಮಿ.ಮೀ. ದಪ್ಪದ ಮೆತ್ತನೆಯ ಅಲ್ಯೂಮಿನಿಯಂ ಸರಳು ಒಂದು ಮೀಟರಿನಷ್ಟಿದ್ದರೆ ಸಾಮಾನ್ಯವಾಗಿ ಸಾಕು. ಸೈಕಲ್ ಬಾಟಲಿಯ ವ್ಯಾಸ ಸುಮಾರು 73 ಮಿ.ಮೀ. ಎಲ್ಲರೂ ಮಾಡುವ ಎಡವಟ್ಟೆಂದರೆ ಅದೇ ಬಾಟಲಿಯ ಸುತ್ತ ಸರಳು ಸುತ್ತುವುದು. ಬಗ್ಗಿಸಿ ಕೈಬಿಟ್ಟ ತಕ್ಷಣ ಲೋಹ ಒಂದಿಷ್ಟು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ, ಬಳೆ ಸಡಿಲವಾಗುತ್ತದೆ. ಅಂಥ ಹಿಡಿಕೆಯಲ್ಲಿ ಬಾಟಲಿ ಅಂಗಳದಲ್ಲಿ ಭದ್ರವಾಗಿ ಕೂತಿದ್ದು, ಮೊದಲ ಗುಂಡಿಯಲ್ಲೇ ಹೊರಗೆ ನೆಗೆದು, ತನ್ನದೇ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಸಿಗುತ್ತದೆ. ಸುತ್ತುವುದಕ್ಕೆ 65 ಮಿ.ಮೀ. ಆಸುಪಾಸಿನ ಪೈಪಿನ ತುಂಡು ತೆಗೆದುಕೊಳ್ಳಿ, ಬಾಟಲಿ ತುಸು ಒತ್ತಿ ತಳ್ಳಿದರೆ ಮಾತ್ರ ಒಳಗೆ ಹೋಗುವ ಹಾಗಿರಲಿ. ಮೇಲ್ತುದಿಯಲ್ಲಿ ಸರಳನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ ಬಾಟಲಿಯ ಕುತ್ತಿಗೆಯ ಹಳ್ಳದಲ್ಲಿ ಕೂರಿಸಬೇಕು. ಬಾಟಲಿಯನ್ನು ನಿಜವಾಗಿ ತಡೆಯುವುದು ಆ ಚೂರು ಬಾಗು.

ಇನ್ನು ಇಕ್ಕಳ. ಇಕ್ಕಳದ ಹಲ್ಲು ಅಲ್ಯೂಮಿನಿಯಂ ಮೇಲೆ ಸಾಲಾಗಿ ಗೀರು ಬಿಡುತ್ತದೆ. ನೋಡುವುದಕ್ಕೆ ಚಂದವಿಲ್ಲ, ಅಷ್ಟೇ ತಾನೇ ಅನ್ನಬಾರದು. ರಸ್ತೆಯ ಅದುರಾಟಕ್ಕೆ ಸರಳು ಕೆಲವು ತಿಂಗಳಲ್ಲಿ ಮುರಿದಾಗ ಮುರಿದ ಜಾಗ ನೋಡಿ: ಬಿರುಕು ಹುಟ್ಟಿರುವುದು ಬಹುಮಟ್ಟಿಗೆ ಆ ಗೀರಿನಲ್ಲೇ. ಹಳೇ ಟ್ಯೂಬಿನ ತುಂಡನ್ನು ಇಕ್ಕಳದ ಬಾಯಿಗೆ ಸುತ್ತಿಕೊಂಡರೆ ಈ ತಾಪತ್ರಯ ಇಲ್ಲ. ಒಮ್ಮೆ ಬಗ್ಗಿಸಿದ್ದನ್ನು ನೆಟ್ಟಗೆ ಮಾಡಿ ಮತ್ತೆ ಅಲ್ಲೇ ಬಗ್ಗಿಸಲೂ ಬಾರದು. ಅಲ್ಯೂಮಿನಿಯಂ ಗಡುಸಾಗಿ ಸೀಳು ಬಿಡುತ್ತದೆ.

ಫ್ರೇಮಿನ ಮೇಲೆ ಬಾಟಲಿ ಹಿಡಿಕೆಗೆಂದೇ ಎರಡು ತೂತು ಇರುತ್ತವೆ, ನಡುವಣ ಅಂತರ 64 ಮಿ.ಮೀ., ಬೋಲ್ಟು ಎಂ5, ಅಂದರೆ 5 ಮಿ.ಮೀ. ದಪ್ಪದ್ದು. ಹಿಡಿಕೆಯನ್ನು ಫ್ರೇಮಿಗೆ ಕೂರಿಸುವ ಪಟ್ಟಿಗೆ ಐದೂವರೆ ಮಿ.ಮೀ. ತೂತು ಕೊರೆದರೆ ಅಳತೆ ಚೂರು ಆಚೀಚೆ ಆದರೂ ನಡೆಯುತ್ತದೆ. 12ರಿಂದ 15 ಮಿ.ಮೀ. ಉದ್ದದ ಬೋಲ್ಟು ಬೇಕಾದಷ್ಟಾಯಿತು. ಡಬ್ಬಿಯಲ್ಲಿ ಸಿಕ್ಕಿದ 30ರದ್ದನ್ನು ಸೀಟಿನ ಕೆಳಗಿನ ಕೊಳವೆಗೆ ಹಾಕಿದವರು ಆಮೇಲೆ ಒಂದು ದಿನ ಸೀಟು ತಗ್ಗಿಸಲು ಹೋಗುತ್ತಾರೆ. ಒಳಗೆ ಬೋಲ್ಟಿನ ಮೂತಿ ಅಡ್ಡ ನಿಂತಿರುತ್ತದೆ, ಹೊರಗೆ ಇವರು ಸುತ್ತಿಗೆ ಹುಡುಕುತ್ತಿರುತ್ತಾರೆ.

ಮನೆಯವರು ಬೈದರೆ ಜಾನ್ ಬಾಯ್ಡ್ ಡನ್‌ಲಪ್ ಹೆಸರು ಹೇಳಬಹುದು. ಆತ ಪಶುವೈದ್ಯ; ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಗಾಳಿ ತುಂಬಿದ ಟೈರನ್ನು ತಾನೇ ಮಾಡಿ 1888ರಲ್ಲಿ ಪೇಟೆಂಟ್ ಪಡೆದ. ಅದೇ ವಿಚಾರಕ್ಕೆ ರಾಬರ್ಟ್ ಥಾಮ್ಸನ್ 1840ರ ದಶಕದಲ್ಲೇ ಪೇಟೆಂಟ್ ಮಾಡಿಸಿದ್ದ ಕಾರಣ ಡನ್‌ಲಪ್‌ನದು ಬಿದ್ದುಹೋಯಿತು ಎಂಬ ಭಾಗವನ್ನು ಮನೆಯವರಿಗೆ ಹೇಳಬೇಕಾಗಿಲ್ಲ.

ಚಕ್ರದ ಬೆಂಡು ತೆಗೆಯುವುದು ಇನ್ನೊಂದು ಆಕರ್ಷಣೆ. ಫ್ರೇಮಿಗೆ ಪ್ಲಾಸ್ಟಿಕ್ ಟೈ ಒಂದನ್ನು ಕಟ್ಟಿ ಅದರ ತುದಿ ರಿಮ್ಮಿಗೆ ತಾಗುತ್ತಾ ತಾಗದ ಹಾಗೆ ಕತ್ತರಿಸಿದರೆ ಅದೇ ಅಳತೆಗೋಲು. ರಿಮ್ಮು ಬಲಕ್ಕೆ ವಾಲಿದ ಜಾಗದಲ್ಲಿ ಚಕ್ರದ ನಡುವಿನ ಹಬ್ಬಿನ ಎಡಬದಿಯಿಂದ ಬರುವ ಕಡ್ಡಿಗಳನ್ನು ಬಿಗಿ ಮಾಡಬೇಕು, ಬಲಬದಿಯವನ್ನು ಸಡಿಲಿಸಬೇಕು, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಇದೆಲ್ಲ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಬಿಗಿ ಯಾವ ಕಡೆ ಅನ್ನುವುದು. ನಿಪ್ಪಲ್ಲನ್ನು, ಅಂದರೆ ಕಡ್ಡಿಯ ತುದಿಯನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟನ್ನು, ಟೈರಿನ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗಿಸಿದರೆ ಬಿಗಿ. ಹಬ್ಬಿನ ಕಡೆಯಿಂದ ನೋಡಿದರೆ ಅದೇ ತಿರುಗಾಟ ಉಲ್ಟಾ ಕಾಣುತ್ತದೆ. ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ, ಒಮ್ಮೆ ಮೇಲಿನಿಂದ ಬಗ್ಗಿ, ಒಮ್ಮೆ ಕೆಳಗೆ ಕೂತು ಕಡ್ಡಿ ತಿರುಗಿಸುವವರು ಅರ್ಧ ಬಿಗಿ ಮಾಡಿ ಅರ್ಧ ಸಡಿಲಿಸಿರುತ್ತಾರೆ. ಹೊರಟಾಗ ಬೆಂಡು ಒಂದೇ ಕಡೆ ಇತ್ತು. ಸಂಜೆ ಹೊತ್ತಿಗೆ ಚಕ್ರ ಹಪ್ಪಳ.

ಆ ಗಡಿಬಿಡಿಯಲ್ಲಿ ಮುರಿದ ಕಡ್ಡಿಯನ್ನು ಎಸೆಯಬೇಡಿ. ಒಂದು ಗೇಣು ತುಂಡು ಮಾಡಿ ಎರಡೂ ತುದಿಗೆ ಕೊಕ್ಕೆ ಬಗ್ಗಿಸಿದರೆ, ಚೈನು ಜೋಡಿಸುವಾಗ ಎರಡು ತುದಿಗಳನ್ನು ಹತ್ತಿರ ಹಿಡಿದಿಡುವ ಮೂರನೇ ಕೈ ಸಿಕ್ಕಿದ ಹಾಗೆ. ನನ್ನ ಪ್ರಕಾರ ಮನೆಯಲ್ಲಿ ಮಾಡಬಹುದಾದ ಸೈಕಲ್ ಸಾಮಾನುಗಳಲ್ಲಿ ಇದರಷ್ಟು ಕಡಿಮೆ ಕೆಲಸ, ಹೆಚ್ಚು ಉಪಯೋಗದ್ದು ಇನ್ನೊಂದಿಲ್ಲ.

ಮಡ್‌ಗಾರ್ಡನ್ನು ಪ್ಲಾಸ್ಟಿಕ್ ಕ್ಯಾನು ಕತ್ತರಿಸಿ ಮಾಡುವುದುಂಟು. ಹಿಂದಿನ ಚಕ್ರಕ್ಕೆ ಧಾರಾಳವಾಗಿ ಮಾಡಿ. ಟೈರಿಗೂ ಅದಕ್ಕೂ ಒಂದು ಸೆಂಟಿಮೀಟರ್ ಜಾಗ ಬಿಟ್ಟರೆ ಕಲ್ಲು ಸಿಕ್ಕುವುದು ಕಡಿಮೆ. ಮುಂದಿನ ಚಕ್ರದ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಸಡಿಲಾದ ಪಟ್ಟಿಯೋ ತಂತಿಯೋ ಕಡ್ಡಿಗಳ ನಡುವೆ ಹೊಕ್ಕರೆ ಚಕ್ರ ಗಕ್ಕನೆ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಬ್ರೇಕು, ಹ್ಯಾಂಡಲ್ಲಿಗೂ ಇದೇ ಮಾತು.

ಹಬ್ಬಿನ ಗ್ರೀಸು ಬದಲಾಯಿಸುವಾಗ ಕೆಳಗೆ ಅಂಚಿರುವ ತಟ್ಟೆ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಹಿಂದಿನ ಹಬ್ಬಿನಲ್ಲಿ ಒಂದೊಂದು ಕಡೆ ಕಾಲು ಇಂಚಿನ 9 ಬೇರಿಂಗ್ ಗುಂಡು, ಮುಂದಿನದರಲ್ಲಿ 3/16 ಇಂಚಿನ 10. ಎಣಿಸಿದಾಗ ಒಂದು ಕಡೆ 9, ಇನ್ನೊಂದು ಕಡೆ 8 ಬಂದರೆ ಕಂಪನಿಯವರು ಹೀಗೇ ಕೊಟ್ಟಿದ್ದಾರೆ ಎಂದು ಸಮಾಧಾನ ಮಾಡಿಕೊಳ್ಳುವ ಮೊದಲು ಬೀರುವಿನ ಕೆಳಗೆ ನೋಡಿ.

ಎಲ್ಲ ಜೋಡಿಸಿ, ಕೈ ತೊಳೆದು ಬಂದಾಗ ತಟ್ಟೆಯಲ್ಲಿ ಒಂದು ವಾಷರ್ ಮಿಕ್ಕಿರುತ್ತದೆ. ಅದರ ಒಳಅಂಚಿನಲ್ಲಿ ಸಣ್ಣ ನಾಲಿಗೆ ಇದ್ದರೆ ಅದು ಹೆಚ್ಚುವರಿ ಅಲ್ಲ. ಗುಂಡುಗಳನ್ನು ಒತ್ತಿ ಹಿಡಿಯುವ ಕೋನಿಗೂ ಅದನ್ನು ಅಲುಗದಂತೆ ಬಿಗಿಯುವ ಲಾಕ್‌ನಟ್ಟಿಗೂ ಮಧ್ಯೆ, ಆಕ್ಸಲ್ಲಿನ ಹಳ್ಳದಲ್ಲಿ ನಾಲಿಗೆ ಕೂರುವಂತೆ ಹಾಕಬೇಕಾದದ್ದು. ಅದಿಲ್ಲದಿದ್ದರೆ ಲಾಕ್‌ನಟ್ ಬಿಗಿ ಮಾಡುವಾಗ ಕೋನೂ ಜೊತೆಗೆ ತಿರುಗಿ ಬೇರಿಂಗ್ ಹಿಡಿದುಕೊಳ್ಳುತ್ತದೆ. ಒಂದು ಸಂತೋಷದ ಸಂಗತಿ: ಅದಕ್ಕಾಗಿ ಗುಂಡುಗಳನ್ನೆಲ್ಲ ಮತ್ತೆ ಹೊರಗೆ ತೆಗೆಯಬೇಕಾಗಿಲ್ಲ, ಚಕ್ರ ಕಳಚಿ ಆ ಕಡೆಯ ಲಾಕ್‌ನಟ್ ಒಂದನ್ನು ಬಿಚ್ಚಿದರೆ ಸಾಕು. ಚಕ್ರಗಳು ಎರಡು, ಕಡೆಗಳು ನಾಲ್ಕು. ಯಾವುದರದ್ದು ಎಂದು ವಾಷರಿನ ಮೇಲೆ ಬರೆದಿರುವುದಿಲ್ಲ.