ನೂರು ವರ್ಷದ ಕಪ್ಪಿಗೆ ಕೊನೆಯ ಓಟ

ಸಿಂಗಾಪುರದ ಲಿಟಲ್ ಇಂಡಿಯಾದಲ್ಲಿ ರೇಸ್ ಕೋರ್ಸ್ ರೋಡ್ ಅಂತ ಒಂದು ಬೀದಿ ಇದೆ. ಬಾಳೆಎಲೆ ಊಟದ ಹೋಟೆಲುಗಳು ಇರೋದು ಅಲ್ಲೇ. ರೇಸ್ ಕೋರ್ಸ್ ಮಾತ್ರ ಇಲ್ಲ, ಅದು ಅಲ್ಲಿಂದ ಎದ್ದು ಹೋಗಿದ್ದು 1933ರಲ್ಲಿ. ಬೆಂಗಳೂರಿನಲ್ಲಿ ಇದು ತಿರುಗುಮುರುಗು. ಅಲ್ಲಿ ಮೈದಾನ ಇನ್ನೂ ಇದೆ, ರಸ್ತೆಗೆ 2023ರಲ್ಲಿ ಅಂಬರೀಶ್ ಹೆಸರು ಬಂತು.

2024ರ ಅಕ್ಟೋಬರ್ 5ರಂದು ನಾನು ಸಿಂಗಾಪುರದ ಕ್ರಾಂಜಿ ರೇಸ್ ಕೋರ್ಸಿಗೆ ಹೋಗಿದ್ದೆ. ಸಿಂಗಾಪುರ್ ಗೋಲ್ಡ್ ಕಪ್ ಅನ್ನೋ ಕುದುರೆ ರೇಸಿನ ಕೊನೆಯ ಓಟ ಅವತ್ತು. ನಾನು ಬಾಜಿ ಕಟ್ಟುವವನಲ್ಲ. ಆದ್ರೂ 1924ರಲ್ಲಿ ಶುರುವಾದ ಒಂದು ಓಟ ಕಣ್ಣೆದುರೇ ಮುಗಿಯುತ್ತೆ ಅಂದ್ರೆ ಮನೇಲಿ ಕೂರೋಕೆ ಆಗಲಿಲ್ಲ.

ಇಲ್ಲಿ ರೇಸ್ ಇನ್ನೂ ಹಳೇದು. 1842ರಲ್ಲಿ ರೇಸ್ ನಡೆಸುವ ಕ್ಲಬ್ಬು ಹುಟ್ಟಿತು, ಮರುವರ್ಷವೇ ಅದೇ ಲಿಟಲ್ ಇಂಡಿಯಾ ಪಕ್ಕದ ಫೆರರ್ ಪಾರ್ಕಿನಲ್ಲಿ ಮೊದಲ ಓಟ. ಊರು ಬೆಳೆದು ಜಾಗ ಸಾಲದಾದಾಗ 1933ರಲ್ಲಿ ಬುಕಿತ್ ತಿಮಾ, 1999ರಲ್ಲಿ ಉತ್ತರದ ತುದಿಯ ಕ್ರಾಂಜಿ. ಕ್ರಾಂಜಿಯಲ್ಲಿ 30,000 ಜನ ಹಿಡಿಸುವ ಗ್ಯಾಲರಿ ಕಟ್ಟಿದ್ದರು. 2010ರಲ್ಲಿ ರೇಸ್ ದಿನಕ್ಕೆ ಸರಾಸರಿ 11,000 ಜನ ಬರ್ತಿದ್ರು, ಕೋವಿಡ್ ಮುಗಿದ ಮೇಲೆ ಅದು 2,600ಕ್ಕೆ ಇಳಿಯಿತು. ಮನೆ ಕಟ್ಟೋಕೆ ನೆಲ ಬೇಕು, ಇಲ್ಲಿರೋದೇ ಅಂಗೈಯಗಲ ದೇಶ. 2023ರ ಜೂನ್‌ನಲ್ಲಿ ಸರ್ಕಾರ ಹೇಳಿತು: ಇಂಥಾ ದಿನ ಕೊನೆಯ ರೇಸ್, 2027ರ ಮಾರ್ಚ್ ಒಳಗೆ 120 ಹೆಕ್ಟೇರ್ ವಾಪಸ್.

ಹೀಗೆ ಹದಿನಾರು ತಿಂಗಳು ಮೊದಲೇ ಹೇಳಿದ್ದು ನನಗೆ ದೊಡ್ಡದಾಗಿ ಕಾಣುತ್ತೆ. ಯಾಕಂದ್ರೆ ಇದೇ ಕ್ರಾಂಜಿಯಲ್ಲಿ ಇನ್ನೊಂದು ಓಟ ಹಾಗೆ ಮುಗಿಯಲಿಲ್ಲ. ಸಿಂಗಾಪುರ್ ಏರ್‌ಲೈನ್ಸ್ ಇಂಟರ್‌ನ್ಯಾಷನಲ್ ಕಪ್, 2000 ಮೀಟರ್, ಬಹುಮಾನ 30 ಲಕ್ಷ ಸಿಂಗಾಪುರ್ ಡಾಲರ್. 2006ರಲ್ಲಿ ಜಪಾನಿನ ಕಾಸ್ಮೋ ಬಲ್ಕ್ ಗೆದ್ದಿತು, ಮರುವರ್ಷ ಅಲ್ಲಿಂದಲೇ ಬಂದ ಶ್ಯಾಡೋ ಗೇಟ್. 2015ರಲ್ಲಿ ಹಾಂಗ್‌ಕಾಂಗಿನ ಡ್ಯಾನ್ ಎಕ್ಸೆಲ್ ಸತತ ಎರಡನೇ ಸಲ ಗೆದ್ದಾಗ ನಾವು ಗ್ಯಾಲರಿಯಲ್ಲಿ ಕೂತು ಮುಂದಿನ ವರ್ಷದ ಮಾತಾಡ್ತಿದ್ವಿ. ಪ್ರಾಯೋಜಕತ್ವ ನಿಂತಿತು, ಮುಂದಿನ ವರ್ಷ ಬರಲೇ ಇಲ್ಲ.

ಗೋಲ್ಡ್ ಕಪ್ಪಿಗೆ ಬೀಳ್ಕೊಡುಗೆ ಸಿಕ್ಕಿತು. ಅವತ್ತು ಕ್ರಾಂಜಿಯಲ್ಲಿ ಎಷ್ಟೋ ವರ್ಷದಿಂದ ಕಾಣದ ಜನಜಂಗುಳಿ. ನನ್ನ ಪಕ್ಕ ಒಬ್ಬ ಚೀನೀ ಅಜ್ಜ, ರೇಸ್ ಪುಸ್ತಕವನ್ನು ಉದ್ದುದ್ದಕ್ಕೆ ಮಡಚಿ ಹಿಡಿದಿದ್ದರು. ಕುದುರೆಗಳು ಕೊನೆಯ ತಿರುವು ದಾಟಿ ನೇರ ಓಟಕ್ಕೆ ಬಂದಾಗ ಎಲ್ಲರೂ ಎದ್ದು ಕೂಗಿದರು, ಅಜ್ಜ ಮಾತ್ರ ಸುಮ್ನೆ ಟೋಪಿ ತೆಗೆದು ಎದೆಗೆ ಒತ್ತಿಕೊಂಡರು. ಗೆದ್ದದ್ದು ಸ್ಮಾರ್ಟ್ ಸ್ಟಾರ್.

ಬೆಂಗಳೂರಿನಲ್ಲಿ ನಾವು ಹೇಗಿದ್ದೀವಿ ನೋಡಿ. ರೇಸ್ ನಡೆಸುವ ಟರ್ಫ್ ಕ್ಲಬ್ಬಿನ ಮೈದಾನದ ಲೀಸ್ 2009ರಲ್ಲೇ ಮುಗಿದಿದೆ. ಅವತ್ತಿಂದ ಎತ್ತಂಗಡಿ ಮಾತು, ಕೋರ್ಟು, ಮತ್ತೆ ಮಾತು. 2024ರಲ್ಲಿ ಲೈಸೆನ್ಸ್ ಗಲಾಟೆಯಲ್ಲಿ ರೇಸೇ ಕೆಲವು ವಾರ ನಿಂತಿತ್ತು. ರೇಸ್ ಇರಲಿ, ಪಾರ್ಕ್ ಆಗಲಿ, ಅದು ಬೇರೆ ಚರ್ಚೆ. ಆದರೆ ಲಾಯದಲ್ಲಿ ದುಡಿಯುವವನು ಮಗಳನ್ನ ಸ್ಕೂಲಿಗೆ ಸೇರಿಸೋದು ಬೆಂಗಳೂರಲ್ಲೋ ಬೇರೆ ಊರಲ್ಲೋ ಅಂತ ಹದಿನೈದು ವರ್ಷ ಯೋಚಿಸ್ತಾ ಕೂರಬೇಕಾ? ಇದು ನನಗೆ ತುಂಬಾ ನೋವು ಕೊಡುವ ವಿಷಯ. ಮುಚ್ಚುವುದಾದರೆ ತಾರೀಖು ಹೇಳಿ, ಉಳಿಸುವುದಾದರೆ ಲೀಸ್ ಕೊಡಿ. ಸಿಂಗಾಪುರದವರು ಕ್ಲಬ್ಬಿನ ನೌಕರರಿಗೂ ಕುದುರೆ ಮಾಲೀಕರಿಗೂ ತಯಾರಾಗೋಕೆ ಟೈಮ್ ಕೊಟ್ಟರು, ಕುದುರೆಗಳನ್ನು ಹೊರದೇಶಕ್ಕೆ ಸಾಗಿಸೋಕೂ ಗಡುವು ಇಟ್ಟರು.

ಕುದುರೆ ನೋಡಿಕೊಳ್ಳುವವನನ್ನು ಕ್ರಾಂಜಿಯಲ್ಲೂ ಸೈಸ್ ಅಂತಲೇ ಕರೀತಿದ್ರು, ನಮ್ಮ ಬೆಂಗಳೂರಿನ ಹಾಗೇ. ಕೊನೆಯ ಓಟ ಆದ ಮೇಲೆ ಕಟಾಂಜನದ ಹತ್ತಿರ ಒಬ್ಬ ಸೈಸ್ ಸಿಕ್ಕ. ಕುದುರೆ ಇನ್ನೂ ಬೆವರಲ್ಲಿ ತೊಯ್ದು ಹೊಳೀತಿತ್ತು. ಮುಂದೇನು ಅಂತ ಕೇಳಿದೆ. ಇವಳು ಮಲೇಷಿಯಾಕ್ಕೆ ಹೋಗ್ತಾಳೆ, ನಾನೂ ಜೊತೆಗೇ ಹೋಗ್ತೀನಿ ಅಂದ. ಆಮೇಲೆ ಹಗ್ಗವನ್ನು ಕೈಗೆ ಒಂದು ಸುತ್ತು ಸುತ್ತಿಕೊಂಡು ಅವಳನ್ನು ಲಾಯದ ಕಡೆ ನಡೆಸಿಕೊಂಡು ಹೋದ.