1.93 ಕೋಟಿ ಮುಚ್ಚಿಟ್ಟ ಲೆಕ್ಕವಲ್ಲ

‘2020ರಲ್ಲಿ ಕರ್ನಾಟಕದ 1.93 ಕೋಟಿ ಜನರಿಗೆ ಕೋವಿಡ್ ಬಂದಿತ್ತು, ಸರ್ಕಾರ ಐದು ಲಕ್ಷ ಎಂದು ಸುಳ್ಳು ಹೇಳಿತು’ ಎಂಬ ಫಾರ್ವರ್ಡ್ ಓಡಾಡುತ್ತಿದೆ. 1.93 ಕೋಟಿ ಎಂದದ್ದು ಯಾರು? ಸರ್ಕಾರವೇ! ಅದು ಆ ಸೆಪ್ಟೆಂಬರ್‌ನ ಸೆರೊ ಸರ್ವೆಯ, ಅಂದರೆ ಎಷ್ಟು ಜನರಿಗೆ ಸೋಂಕು ತಗುಲಿದೆ ಎಂದು ಕೆಲವರನ್ನು ಪರೀಕ್ಷಿಸಿ ತಿಳಿಯುವ ಸಮೀಕ್ಷೆಯ, ಅಂದಾಜು. ಸುಮಾರು 16 ಸಾವಿರ ಮಂದಿಯ ರಕ್ತ, ಗಂಟಲು ದ್ರವ ಪರೀಕ್ಷಿಸಿದಾಗ ಶೇ 27.3ರಷ್ಟು ಜನರಲ್ಲಿ ಸೋಂಕಿನ ಕುರುಹು ಸಿಕ್ಕಿತು. ಅದನ್ನು ಏಳು ಕೋಟಿ ಜನಸಂಖ್ಯೆಗೆ ಹಿಗ್ಗಿಸಿದಾಗ ಬಂದ ಸಂಖ್ಯೆ ಇದು. ಐದು ಲಕ್ಷ ಎಂದು ಸರ್ಕಾರದ ದಿನದ ಬುಲೆಟಿನ್‌ನಲ್ಲಿದ್ದದ್ದು ಟೆಸ್ಟ್ ಮಾಡಿಸಿಕೊಂಡು ಪಾಸಿಟಿವ್ ಆದವರ ಲೆಕ್ಕ. ನೆಗಡಿಯೂ ಇಲ್ಲದೆ ಮನೆಯಲ್ಲಿದ್ದವರು ಅದರಲ್ಲಿ ಸೇರುವುದಾದರೂ ಹೇಗೆ? ಪತ್ತೆಯಾದ ಒಂದು ಪ್ರಕರಣಕ್ಕೆ ಸುಮಾರು 40 ಸೋಂಕು ಎಂದು ಸರ್ವೆಯ ವರದಿಯೇ ಹೇಳಿತ್ತು.

ಹಾಗಂತ ಸರ್ವೆ ಸರ್ವಜ್ಞನಲ್ಲ. ಸೋಂಕಿನ ಬಳಿಕ ರಕ್ತದಲ್ಲಿ ಮೂಡುವ ಪ್ರತಿಕಾಯ ತಿಂಗಳುಗಳಲ್ಲಿ ಇಳಿಯುತ್ತದೆ; ಹಾಗಾಗಿ ಹಳೆಯ ಸೋಂಕು ಲೆಕ್ಕಕ್ಕೆ ಸಿಗದೆ ಹೋಗಬಹುದು. ಮುಂದಿನ ಅಲೆಯ ಸುಳಿವನ್ನೂ ಅದು ಕೊಡಲಿಲ್ಲ: 2021ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಜನ ಹಾಸಿಗೆಗಾಗಿ ಪರದಾಡಿದರು.